ಬೀಗದ ಕೈಯೂ ಹಾಜರಿ ಪುಸ್ತಕವೂ: ಕಾರ್ಯಾಲಯಗಳ ದ್ವಾರನಿಯಂತ್ರಣದ ಚಾರಿತ್ರಿಕ ವಿವೇಚನೆ

೧

ಇಂದು ದೊಡ್ಡ ಕಾರ್ಯಾಲಯಗಳ ಬಾಗಿಲುಗಳಲ್ಲಿ ಬೀಗವೂ ಕಾಣದು, ಬೀಗದ ಕೈಯೂ ಕಾಣದು. ಕೆಲಸಕ್ಕೆ ಬಂದವರು ಕೊರಳಿನ ಕಾರ್ಡನ್ನು ಗೋಡೆಯ ಮೇಲಿನ ಸಣ್ಣ ಪೆಟ್ಟಿಗೆಗೆ ತೋರಿಸುತ್ತಾರೆ. ಹಸಿರು ದೀಪ ಹೊತ್ತಿಕೊಳ್ಳುತ್ತದೆ, ಬಾಗಿಲು ಸಡಿಲುತ್ತದೆ. ಈ ಉಪಕರಣವನ್ನು ವಿದ್ಯುನ್ಮಾನ ಕೀಲಿಯೆಂದು ಕರೆಯುವುದು ವಾಡಿಕೆ. ಆ ಹೆಸರಿನ ದೆಸೆಯಿಂದ, ಇದು ಹಿಂದಿನ ಲೋಹದ ಕೀಲಿಯ ಸುಧಾರಿತ ರೂಪವೆಂದೂ ಬೀಗದ ಚರಿತ್ರೆಯ ಕಡೆಯ ಅಧ್ಯಾಯವೆಂದೂ ಭಾವಿಸುವುದು ಸಹಜವಾಗಿದೆ. ಈ ಭಾವನೆ ಅರ್ಧಸತ್ಯವೆಂಬುದನ್ನು ತೋರಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ. ನಮ್ಮ ಅಭಿಪ್ರಾಯದಲ್ಲಿ ಈ ಕಾರ್ಡಿನ ವಂಶಾವಳಿಗೆ ಎರಡು ಕವಲುಗಳುಂಟು: ಒಂದು ಬೀಗದ ಕೈ, ಇನ್ನೊಂದು ಹಾಜರಿ ಪುಸ್ತಕ. ಇವುಗಳಲ್ಲಿ ಎರಡನೆಯದರ ಗುಣವೇ ಅದರಲ್ಲಿ ಪ್ರಬಲವಾಗಿದೆ. ಇದನ್ನು ಗಮನಿಸದೆ ಹೋದರೆ, ಬಾಗಿಲಿನ ಮೇಲಣ ಅಧಿಕಾರ ಯಾರಿಂದ ಯಾರಿಗೆ ಹೋಯಿತೆಂಬುದಾಗಲಿ, ಅದರಿಂದ ದುಡಿಯುವವರಿಗೆ ಒದಗಿದ ಲಾಭನಷ್ಟಗಳಾಗಲಿ ನಮಗೆ ಸ್ಪಷ್ಟವಾಗಲಾರವು.

ಮೊದಲು ಶಬ್ದವನ್ನೇ ವಿಚಾರಿಸೋಣ. ಬೀಗವನ್ನು ತೆರೆಯುವ ಸಾಧನಕ್ಕೆ ಕನ್ನಡದಲ್ಲಿ ‘ಬೀಗದ ಕೈ’ ಎಂಬ ಮಾತುಂಟು. ಅದು ಅರ್ಥವತ್ತಾದ ಮಾತು. ಬೀಗಕ್ಕೆ ಗೊತ್ತಿರುವುದು ಆ ಲೋಹದ ಕೈಯೊಂದೇ. ಅದನ್ನು ಹಿಡಿದ ಮನುಷ್ಯನ ಕೈ ಯಾರದೆಂಬುದು ಅದಕ್ಕೆ ತಿಳಿಯದು. ಯಜಮಾನ ಹಿಡಿದರೂ ಕಳ್ಳ ಹಿಡಿದರೂ ಅದು ಸಮಾನವಾಗಿ ತೆರೆದುಕೊಳ್ಳುತ್ತದೆ. ತೆರೆದವನ ಗುರುತನ್ನಾಗಲಿ ತೆರೆದ ಹೊತ್ತನ್ನಾಗಲಿ ಉಳಿಸಿಕೊಳ್ಳುವುದಿಲ್ಲ.

ಇದಕ್ಕಿಂತ ಭಿನ್ನವಾದ ಪದ್ಧತಿಯೊಂದು ನಮ್ಮ ಪ್ರಾಚೀನ ಶಾಸ್ತ್ರಕಾರರಿಗೆ ತಿಳಿದಿತ್ತು. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಹಸ್ತಪ್ರತಿಯ ಆಧಾರದಿಂದ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷಕವನ್ನು ಪಡೆದು ಮುದ್ರೆಯನ್ನು ಕೊಡುವುದು ಅವನ ಕರ್ತವ್ಯ. ಮುದ್ರೆಯುಳ್ಳವನಿಗೆ ಮಾತ್ರವೇ ಜನಪದದ ಪ್ರವೇಶ ನಿರ್ಗಮನಗಳಿಗೆ ಅನುಮತಿ. ಮುದ್ರೆಯಿಲ್ಲದ ಜನಪದವಾಸಿಗೆ ಹನ್ನೆರಡು ಪಣಗಳ ದಂಡ. ಮುದ್ರೆಯನ್ನು ಪರೀಕ್ಷಿಸುವವನು ವಿವೀತಾಧ್ಯಕ್ಷನೆಂಬ ಬೇರೊಬ್ಬ ಅಧಿಕಾರಿ. ಅರಮನೆಯ ವಿಚಾರದಲ್ಲಿ ನಿಯಮ ಇನ್ನೂ ಬಿಗಿಯಾಗಿದೆ: ಒಳಬರುವ, ಹೊರಹೋಗುವ ಪ್ರತಿಯೊಂದು ವಸ್ತುವೂ ಪರೀಕ್ಷಿತವಾಗಿ, ಅದರ ಆಗಮನ ನಿರ್ಗಮನಗಳು ಬರಹಕ್ಕೆ ಸೇರಿ, ಮುದ್ರೆಯೊಡನೆ ಸಾಗಬೇಕೆಂದು ವಿಧಿಸಲಾಗಿದೆ.

ಇಂದಿನ ಕಾರ್ಡು ಅರ್ಥಶಾಸ್ತ್ರದಿಂದ ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಅಂತಹ ಸಂಬಂಧಕ್ಕೆ ಯಾವ ಆಧಾರವೂ ಇಲ್ಲ. ಆದರೆ ಎರಡು ತತ್ತ್ವಗಳ ಭೇದವನ್ನು ಈ ಉದಾಹರಣೆ ಚೆನ್ನಾಗಿ ತೋರಿಸುತ್ತದೆ. ಬೀಗದ ಕೈಯಲ್ಲಿ ಅಧಿಕಾರವು ವಸ್ತುವಿನಲ್ಲಿಯೇ ನೆಲೆಸಿದೆ; ಮುದ್ರೆಯಲ್ಲಾದರೋ ಅಧಿಕಾರವು ಅದನ್ನು ಕೊಟ್ಟವನಲ್ಲಿ ಉಳಿದಿದೆ. ಮುದ್ರೆ ಬಾಗಿಲನ್ನು ತೆರೆಯದು. ಮುದ್ರೆಯನ್ನು ನೋಡಿ ಇನ್ನೊಬ್ಬರು ತೆರೆಯುತ್ತಾರೆ. ಜೊತೆಗೆ, ಮುದ್ರೆಯಿದ್ದ ಕಡೆ ಬರಹವೂ ಇರುತ್ತದೆ.

೨

ಬೀಗದ ಕವಲು ಬಹು ಪ್ರಾಚೀನವಾದುದು. ನಿನೆವೆಯ ಬಳಿಯ ಖೋರ್ಸಾಬಾದಿನ ಅರಮನೆಯ ಅವಶೇಷಗಳಲ್ಲಿ ಮರದ ಬೀಗವೊಂದು ದೊರೆತ ಸಂಗತಿಯನ್ನು ಬೀಗದ ಚರಿತ್ರಕಾರರೆಲ್ಲರೂ ಉಲ್ಲೇಖಿಸುತ್ತಾರೆ. ಅಗುಳಿಯ ರಂಧ್ರಗಳೊಳಕ್ಕೆ ಬಿದ್ದು ಅದನ್ನು ತಡೆದು ನಿಲ್ಲಿಸುವ ಮೊಳೆಗಳು, ಆ ಮೊಳೆಗಳನ್ನು ಎತ್ತಿ ಅಗುಳಿಯನ್ನು ಬಿಡಿಸುವ ಹಲ್ಲುಗಳುಳ್ಳ ಕೀಲಿ, ಇಷ್ಟೇ ಅದರ ರಚನೆ. ಅಮೆರಿಕದ ಲೈನಸ್ ಯೇಲ್ (ಕಿರಿಯ) ೧೮೬೧ ಮತ್ತು ೧೮೬೫ರಲ್ಲಿ ಹಕ್ಕುಪತ್ರ ಪಡೆದ ಉರುಳೆಬೀಗವು ಇದೇ ತತ್ತ್ವವನ್ನು ಚಿಕ್ಕದಾದ, ಚಪ್ಪಟೆಯಾದ ಕೀಲಿಗೆ ಹೊಂದಿಸಿತು. ಇಂದಿಗೂ ಮನೆಮನೆಗಳಲ್ಲಿರುವುದು ಹೆಚ್ಚಾಗಿ ಆ ಜಾತಿಯ ಬೀಗವೇ.

ಮನೆಗೆ ಸಾಕಾಗುವ ಈ ಸಾಧನ ನೂರಾರು ಕೊಠಡಿಗಳ ಕಾರ್ಯಾಲಯಕ್ಕೆ ಸಾಲದಾಯಿತು. ಪ್ರತಿಯೊಂದು ಬಾಗಿಲಿಗೂ ಬೇರೆ ಕೀಲಿಯಿರಬೇಕು; ಆದರೂ ಮೇಲ್ವಿಚಾರಕನಿಗೆ ಎಲ್ಲವೂ ತೆರೆಯಬೇಕು. ಇದಕ್ಕಾಗಿ ಏರ್ಪಟ್ಟುದು ಸರ್ವಕೀಲಿಯ ಪದ್ಧತಿ. ಪ್ರತಿ ಮೊಳೆಯನ್ನೂ ಎರಡು ಕಡೆ ತುಂಡರಿಸಿದರೆ ಬೀಗವು ಎರಡು ಎತ್ತರಗಳನ್ನು ಒಪ್ಪುತ್ತದೆ: ಒಂದು ಆ ಕೊಠಡಿಯ ಕೀಲಿಯದು, ಇನ್ನೊಂದು ಸರ್ವಕೀಲಿಯದು. ಉಪಾಯವೇನೋ ಸುಲಭ, ಆದರೆ ಅದರಲ್ಲಿಯೇ ದೋಷವೂ ಅಡಗಿತ್ತು. ೨೦೦೩ರಲ್ಲಿ ಮ್ಯಾಟ್ ಬ್ಲೇಜ್ ಎಂಬ ಅಮೆರಿಕನ್ ವಿದ್ವಾಂಸರು, ಒಂದು ಸಾಮಾನ್ಯ ಕೀಲಿಯೂ ಅದರ ಬೀಗವೂ ಕೆಲವು ಖಾಲಿ ಕೀಲಿಗಳೂ ಕೈಯಲ್ಲಿದ್ದರೆ ಇಡೀ ಕಟ್ಟಡದ ಸರ್ವಕೀಲಿಯನ್ನು ಕಂಡುಹಿಡಿಯಬಹುದೆಂದು ತೋರಿಸಿದರು. ಒಂದೊಂದು ಮೊಳೆಯ ಇನ್ನೊಂದು ಎತ್ತರವನ್ನು ಬೇರೆಬೇರೆಯಾಗಿ ಪರೀಕ್ಷಿಸಬಹುದಾದುದರಿಂದ ಪ್ರಯತ್ನಗಳ ಸಂಖ್ಯೆ ಗುಣಾಕಾರವಾಗಿ ಬೆಳೆಯದೆ ಸಂಕಲನವಾಗಿ ಮಾತ್ರ ಬೆಳೆಯುತ್ತದೆ. ಬೀಗ ತಯಾರಕರಲ್ಲಿ ಹಲವರಿಗೆ ಇದು ಮೊದಲೇ ತಿಳಿದಿತ್ತು. ಬೀಗವನ್ನು ನಂಬಿದವರಿಗೆ ತಿಳಿದಿರಲಿಲ್ಲ.

ಇದಕ್ಕಿಂತ ನಿತ್ಯದ ತೊಂದರೆ ಬೇರೆ. ಕೀಲಿಯೊಂದು ಕಳೆದರೆ, ಅಥವಾ ಕೆಲಸ ಬಿಟ್ಟವನು ಅದನ್ನು ಹಿಂದಿರುಗಿಸದಿದ್ದರೆ, ಬೀಗವನ್ನೇ ಬದಲಿಸಬೇಕು. ಸರ್ವಕೀಲಿ ಕಳೆದರೆ ಕಟ್ಟಡದ ಬೀಗಗಳೆಲ್ಲವನ್ನೂ ಬದಲಿಸಬೇಕು. ಕೊಟ್ಟ ಅಧಿಕಾರವನ್ನು ವಸ್ತುವಿನಿಂದ ಮರಳಿ ಪಡೆಯುವ ಬಗೆ ಬೀಗಕ್ಕೆ ತಿಳಿದಿರಲಿಲ್ಲ.

೩

ಎರಡನೆಯ ಕವಲಿನ ಚರಿತ್ರೆ ಅಮೆರಿಕದ ಕಾರ್ಖಾನೆಗಳಲ್ಲಿ ಆರಂಭವಾಗುತ್ತದೆ. ನ್ಯೂಯಾರ್ಕ್ ಸಂಸ್ಥಾನದ ಆಬರ್ನ್ ಎಂಬ ಊರಿನಲ್ಲಿ ಆಭರಣದ ವ್ಯಾಪಾರಿಯಾಗಿದ್ದ ವಿಲರ್ಡ್ ಬಂಡಿ ೧೮೮೮ರಲ್ಲಿ ಒಂದು ಗಡಿಯಾರವನ್ನು ರಚಿಸಿದನು. ಪ್ರತಿಯೊಬ್ಬ ಕೆಲಸಗಾರನಿಗೂ ಸಂಖ್ಯೆಯುಳ್ಳ ಒಂದು ಕೀಲಿ. ಅದನ್ನು ಗಡಿಯಾರದೊಳಗೆ ತೂರಿಸಿ ತಿರುಗಿಸಿದೊಡನೆ ಆ ಸಂಖ್ಯೆಯೂ ಆ ಹೊತ್ತೂ ಕಾಗದದ ಪಟ್ಟಿಯ ಮೇಲೆ ಅಚ್ಚಾಗುತ್ತಿದ್ದವು. ಈ ಕೀಲಿ ಯಾವ ಬಾಗಿಲನ್ನೂ ತೆರೆಯುತ್ತಿರಲಿಲ್ಲ. ಅದರ ಕೆಲಸ ಬಂದವನು ಯಾರು, ಯಾವಾಗ ಬಂದನು ಎಂಬುದನ್ನು ಬರೆಯುವುದು ಮಾತ್ರ. ಬಂಡಿ ಸಹೋದರರ ಸಂಸ್ಥೆ ೧೯೦೦ರಲ್ಲಿ ಇಂಟರ್‌ನ್ಯಾಷನಲ್ ಟೈಮ್ ರೆಕಾರ್ಡಿಂಗ್ ಕಂಪನಿಯಲ್ಲಿ ಲೀನವಾಯಿತು. ಆ ಕಂಪನಿ ೧೯೧೧ರಲ್ಲಿ ಬೇರೆ ಸಂಸ್ಥೆಗಳೊಡನೆ ಕೂಡಿ, ೧೯೨೪ರಲ್ಲಿ ಐ.ಬಿ.ಎಂ. ಎಂಬ ಹೆಸರನ್ನು ತಾಳಿತು. ಗಣಕಯಂತ್ರಗಳಿಂದ ಪ್ರಸಿದ್ಧವಾದ ಸಂಸ್ಥೆಯೊಂದರ ಬೇರುಗಳಲ್ಲಿ ಒಂದು ಹಾಜರಿ ಗಡಿಯಾರದಲ್ಲಿದೆಯೆಂಬುದು ಗಮನಾರ್ಹ.

ಹೀಗೆ ಹಾಜರಿಯು ಬರಹಕ್ಕೆ ಸೇರಿತು. ಬಾಗಿಲಾದರೋ ಮೂಕವಾಗಿಯೇ ಉಳಿಯಿತು. ಇದರ ಪರಿಣಾಮವೇನೆಂಬುದು ಅದೇ ೧೯೧೧ನೆಯ ಇಸವಿಯಲ್ಲಿ ಘೋರವಾಗಿ ವ್ಯಕ್ತವಾಯಿತು. ಮಾರ್ಚ್ ೨೫ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು ೧೪೬ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ವಲಸೆ ಬಂದ ತರುಣಿಯರು. ಒಂಬತ್ತನೆಯ ಅಂತಸ್ತಿನಲ್ಲಿ ಮೆಟ್ಟಿಲಿನ ಕಡೆಗಿದ್ದ ಬಾಗಿಲೊಂದು ಬೀಗ ಹಾಕಿದ ಸ್ಥಿತಿಯಲ್ಲಿತ್ತೆಂದು ಬದುಕಿದವರು ಸಾಕ್ಷ್ಯ ನುಡಿದರು. ಹೊರಡುವವರೆಲ್ಲರೂ ಒಂದೇ ಬಾಗಿಲಿನಿಂದ ಹೋಗಬೇಕು, ಅವರ ಚೀಲಗಳನ್ನು ಅಲ್ಲಿ ಪರೀಕ್ಷಿಸಬೇಕು ಎಂಬುದು ಬೀಗದ ಉದ್ದೇಶವಾಗಿತ್ತು. ಡಿಸೆಂಬರಿನಲ್ಲಿ ಮಾಲೀಕರಿಬ್ಬರ ವಿಚಾರಣೆ ನಡೆಯಿತು. ಆ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಬಿದ್ದಿತ್ತೆಂಬುದು ಮಾಲೀಕರಿಗೆ ತಿಳಿದಿತ್ತೆ ಎಂಬ ಪ್ರಶ್ನೆಯ ಮೇಲೆ ಮೊಕದ್ದಮೆ ನಿಂತಿತು. ಅದು ಸಿದ್ಧವಾಗದೆ ಅವರ ಬಿಡುಗಡೆಯಾಯಿತು.

ಈ ಪ್ರಸಂಗವನ್ನು ಅಗ್ನಿಸುರಕ್ಷೆಯ ಚರಿತ್ರೆಯಲ್ಲಿ ಹೇಳುವುದು ರೂಢಿ. ದ್ವಾರನಿಯಂತ್ರಣದ ಚರಿತ್ರೆಯಲ್ಲಿಯೂ ಇದಕ್ಕೆ ಸ್ಥಾನವಿರಬೇಕೆಂದು ನಾವು ಭಾವಿಸುತ್ತೇವೆ. ಕಾರ್ಖಾನೆಗಳಲ್ಲಿ ಕೆಲಸಗಾರರು ಬಂದ ಹೊತ್ತನ್ನು ನಿಮಿಷ ತಪ್ಪದಂತೆ ಬರೆಯುವ ಯಂತ್ರಗಳು ಹರಡುತ್ತಿದ್ದ ಕಾಲದಲ್ಲಿ, ಬಾಗಿಲಿಗೆ ಯಾರು, ಯಾವಾಗ ಬೀಗ ಹಾಕಿದರೆಂಬುದನ್ನು ಬರೆಯುವ ಯಂತ್ರ ವಾಡಿಕೆಯಲ್ಲಿರಲಿಲ್ಲ. ದುಡಿಯುವವರ ಮೇಲೆ ಸಾಕ್ಷಿ ಹೇಳುವ ದಾಖಲೆ ಇತ್ತು. ದುಡಿಸುವವರ ಮೇಲೆ ಸಾಕ್ಷಿ ಹೇಳುವ ದಾಖಲೆ ಇರಲಿಲ್ಲ.

೪

ಎರಡು ಕವಲುಗಳ ಸಂಗಮವಾದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ೧೯೬೦ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯ ಇಂಜಿನಿಯರ್ ಫಾರೆಸ್ಟ್ ಪ್ಯಾರಿ ಪ್ಲಾಸ್ಟಿಕ್ ಕಾರ್ಡಿಗೆ ಅಯಸ್ಕಾಂತೀಯ ಪಟ್ಟಿಯನ್ನು ಅಂಟಿಸುವ ವಿಧಾನವನ್ನು ಸಾಧಿಸಿದರು. ಜಾನ್ ವೀಗಂಡ್ ಎಂಬವರು ಒಂದು ವಿಶೇಷ ತಂತಿಯನ್ನು ರೂಪಿಸಿದರು. ಅದರ ಹೊರಪದರವೂ ಒಳತಿರುಳೂ ಅಯಸ್ಕಾಂತಕ್ಕೆ ಬೇರೆಬೇರೆಯಾಗಿ ಮಣಿಯುವುದರಿಂದ ಕಾಂತಕ್ಷೇತ್ರದಲ್ಲಿ ಅದು ಥಟ್ಟನೆ ಒಂದು ವಿದ್ಯುತ್ಸ್ಪಂದನವನ್ನು ಹುಟ್ಟಿಸುತ್ತದೆ. ಇಂತಹ ತಂತಿಯ ತುಂಡುಗಳನ್ನು ಎರಡು ಸಾಲುಗಳಲ್ಲಿ, ಸೊನ್ನೆಗೆ ಒಂದು ಸಾಲು, ಒಂದಕ್ಕೆ ಇನ್ನೊಂದು ಸಾಲು ಎಂಬಂತೆ, ಕಾರ್ಡಿನಲ್ಲಿ ಹುದುಗಿಸಲಾಯಿತು. ಮೊದಲು ಐ.ಬಿ.ಎಂ.ನಲ್ಲಿದ್ದು ಬಳಿಕ ಸ್ವಂತ ಸಂಸ್ಥೆಯನ್ನು ಕಟ್ಟಿದ ಚಾರ್ಲ್ಸ್ ವಾಲ್ಟನ್ ೧೯೭೩ರಲ್ಲಿ ಪಡೆದ ಹಕ್ಕುಪತ್ರದಲ್ಲಿ ಕಾರ್ಡು ಬಾಗಿಲನ್ನು ಮುಟ್ಟಬೇಕಾಗಿಯೂ ಇರಲಿಲ್ಲ. ಗೋಡೆಯ ಉಪಕರಣ ರೇಡಿಯೋ ತರಂಗವನ್ನು ಹೊರಡಿಸುತ್ತದೆ. ಬ್ಯಾಟರಿಯಿಲ್ಲದ ಕಾರ್ಡಿನೊಳಗಿನ ಮಂಡಲವು ಅದಕ್ಕೆ ಅನುರಣಿಸಿ ತನ್ನ ಗುರುತನ್ನು ತಿಳಿಸುತ್ತದೆ. ಬೀಗ ತಯಾರಕರಾದ ಶ್ಲೇಗ್ ಕಂಪನಿಯವರು ವಾಲ್ಟನ್ನರಿಂದ ಇದರ ಪರವಾನಗಿಯನ್ನು ಪಡೆದರು.

ಈ ಕಾರ್ಡುಗಳು ಹೇಳುವುದೇನು? ವೀಗಂಡ್ ಅವರ ಹೆಸರಿನಿಂದಲೇ ಪ್ರಚಲಿತವಾದ ರೂಪದಲ್ಲಿ ಒಟ್ಟು ೨೬ ದ್ವಿಮಾನಾಂಕಗಳಿವೆ. ಎಂಟು ಸಂಸ್ಥೆಯ ಸಂಕೇತಕ್ಕೆ, ಹದಿನಾರು ಕಾರ್ಡಿನ ಕ್ರಮಸಂಖ್ಯೆಗೆ, ಉಳಿದ ಎರಡು ತಪ್ಪನ್ನು ಪತ್ತೆಹಚ್ಚುವುದಕ್ಕೆ. ಅಂದರೆ ೨೫೬ ಸಂಕೇತಗಳು, ಒಂದೊಂದರಲ್ಲಿ ೬೫,೫೩೬ ಸಂಖ್ಯೆಗಳು, ಇಷ್ಟೇ ಅದರ ವಿಸ್ತಾರ. ತಂತಿಯ ಕಾರ್ಡುಗಳು ಬಹುಮಟ್ಟಿಗೆ ಮರೆಯಾದ ಮೇಲೆಯೂ, ಗೋಡೆಯ ಉಪಕರಣ ಒಳಗಿನ ನಿಯಂತ್ರಕದೊಡನೆ ಮಾತನಾಡುವ ಭಾಷೆಯಾಗಿ ಈ ರೂಪ ಉಳಿದುಬಂದಿದೆ.

ಇಲ್ಲಿ ಮುಖ್ಯವಾದ ಅಂಶವೊಂದಿದೆ. ಕಾರ್ಡು ಬಾಗಿಲನ್ನು ತೆರೆಯುವುದಿಲ್ಲ. ತಾನು ತೆರೆಯಬಲ್ಲೆನೋ ಇಲ್ಲವೋ ಎಂಬುದೂ ಅದಕ್ಕೆ ತಿಳಿಯದು. ಬಂಡಿಯ ಕೀಲಿಯಂತೆ ಅದು ಒಂದು ಸಂಖ್ಯೆಯನ್ನು ಹೇಳಿ ಸುಮ್ಮನಾಗುತ್ತದೆ. ನಿಯಂತ್ರಕವು ಆ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿ, ಈ ಬಾಗಿಲು, ಈ ದಿನ, ಈ ಹೊತ್ತು ಅದಕ್ಕೆ ಸಲ್ಲುತ್ತದೆಯೇ ಎಂದು ನೋಡಿ, ಸಲ್ಲುವುದಾದರೆ ಬೀಗವನ್ನು ಸಡಿಲಿಸುತ್ತದೆ. ಸಂದರೂ ಸಲ್ಲದಿದ್ದರೂ ನಡೆದುದನ್ನು ಬರೆದಿಡುತ್ತದೆ. ಕಾರ್ಡು ಕಳೆದರೆ ಬೀಗವನ್ನು ಬದಲಿಸಬೇಕಿಲ್ಲ, ಪಟ್ಟಿಯ ಒಂದು ಸಾಲನ್ನು ಹೊಡೆದುಹಾಕಿದರೆ ಸಾಕು. ಬೀಗದ ಹಳೆಯ ತೊಂದರೆ ಹೀಗೆ ನೀಗಿತು. ಆದರೆ ಅದರೊಡನೆ ಅಧಿಕಾರವು ಕೈಯಿಂದ ಜಾರಿ ಪುಸ್ತಕಕ್ಕೆ ಸೇರಿತು. ಹಿಂದೆ ಕೆಲಸದಿಂದ ತೆಗೆದವನಿಂದ ಕೀಲಿಯನ್ನು ಕೇಳಿ ಪಡೆಯಬೇಕಾಗಿತ್ತು. ಆ ಕೇಳುವಿಕೆಯಲ್ಲಿ ಮುಖಕ್ಕೆ ಮುಖ ಕೊಟ್ಟು ಆಡುವ ಮಾತಿತ್ತು. ಈಗ ಸಾಲೊಂದು ಅಳಿದುಹೋದರೆ ಆತನ ಕಾರ್ಡು ಕೈಯಲ್ಲಿದ್ದಂತೆಯೇ ಬರಿಯ ಪ್ಲಾಸ್ಟಿಕ್ಕಿನ ತುಂಡಾಗುತ್ತದೆ. ಬಾಗಿಲೇ ಆತನಿಗೆ ಸುದ್ದಿಯನ್ನು ತಿಳಿಸುತ್ತದೆ.

೫

ಪುಸ್ತಕ ಪ್ರಬಲವಾಯಿತೆಂದು ಹೇಳಿದೆವು. ಹಾಗಾದರೆ ಅದರ ಮುಂದೆ ಬಂದು ಹೆಸರು ಹೇಳುವವನು ನಿಜವಾಗಿ ಅವನೇ ಎಂಬುದಕ್ಕೆ ಪ್ರಮಾಣವೇನು? ೧೨೫ ಕಿಲೋಹರ್ಟ್ಸ್ ತರಂಗದಲ್ಲಿ ಕೆಲಸಮಾಡುವ ಹಳೆಯ ಸಾಮೀಪ್ಯ ಕಾರ್ಡುಗಳು ಕೇಳಿದವರಿಗೆಲ್ಲ ತಮ್ಮ ಸಂಖ್ಯೆಯನ್ನು ಹೇಳಿಬಿಡುತ್ತವೆ. ಒಮ್ಮೆ ಕೇಳಿಸಿಕೊಂಡವನು ಅದನ್ನು ಇನ್ನೊಂದು ಕಾರ್ಡಿಗೆ ಕಲಿಸಬಹುದು. ಈ ದೋಷಕ್ಕೆ ಪರಿಹಾರವಾಗಿ ಗೂಢಲಿಪಿಯುಳ್ಳ ಕಾರ್ಡುಗಳು ಬಂದವು. ೧೯೯೪ರಲ್ಲಿ ಹೊರಬಂದ ಮೈಫೇರ್ ಕ್ಲಾಸಿಕ್ ಎಂಬುದು ಅವುಗಳಲ್ಲಿ ಬಹು ವ್ಯಾಪಕವಾಯಿತು. ಅದರ ಗೂಢಕ್ರಮವನ್ನು ತಯಾರಕರು ಗುಟ್ಟಾಗಿಟ್ಟಿದ್ದರು. ರಹಸ್ಯಾಂಕದ ಉದ್ದ ೪೮ ದ್ವಿಮಾನಾಂಕಗಳು ಮಾತ್ರ.

೨೦೦೭ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮಾವೇಶವೊಂದರಲ್ಲಿ ಕಾರ್ಸ್ಟನ್ ನೋಲ್ ಮತ್ತು ಹೆನ್ರಿಕ್ ಪ್ಲೋಟ್ಸ್ ಎಂಬವರು ಚಿಪ್ಪಿನ ಪದರಗಳನ್ನು ಸೂಕ್ಷ್ಮದರ್ಶಕದಿಂದ ನೋಡಿ ಆ ಗುಟ್ಟನ್ನು ಬಿಡಿಸಿದ ಬಗೆಯನ್ನು ವಿವರಿಸಿದರು. ಮರುವರ್ಷ ನೆದರ್ಲೆಂಡ್ಸಿನ ನೈಮೇಖನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಕಾರ್ಡನ್ನು ನಕಲು ಮಾಡುವುದು ಸಾಧ್ಯವೆಂದು ತೋರಿಸಿದರು. ಅಲ್ಲಿನ ಸರ್ಕಾರಿ ಕಟ್ಟಡಗಳಲ್ಲಿಯೂ ಇಂತಹ ಕಾರ್ಡುಗಳು ಬಳಕೆಯಲ್ಲಿದ್ದುದರಿಂದ ವಿಷಯ ಸಂಸತ್ತಿನವರೆಗೆ ಹೋಯಿತು. ಲೇಖನದ ಪ್ರಕಟಣೆಯನ್ನು ತಡೆಯಬೇಕೆಂದು ತಯಾರಕ ಸಂಸ್ಥೆಯಾದ ಎನ್.ಎಕ್ಸ್.ಪಿ. ನ್ಯಾಯಾಲಯಕ್ಕೆ ಹೋಯಿತು. ೨೦೦೮ರ ಜುಲೈ ೧೮ರಂದು ಆರ್ನೆಂ ನಗರದ ನ್ಯಾಯಾಲಯವು ಆ ಬೇಡಿಕೆಯನ್ನು ತಿರಸ್ಕರಿಸಿತು: ನಷ್ಟವಾಗುವುದಿದ್ದರೆ ಅದು ದೋಷವುಳ್ಳ ಚಿಪ್ಪನ್ನು ತಯಾರಿಸಿ ಮಾರಿದುದರಿಂದಲೇ ಹೊರತು ದೋಷವನ್ನು ಬರೆದುದರಿಂದಲ್ಲ ಎಂಬುದು ತೀರ್ಪಿನ ಸಾರ.

ಈ ವಿವಾದ ಹೊಸದೇನೂ ಅಲ್ಲ. ೧೮೫೧ರ ಲಂಡನ್ನಿನ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಎ. ಸಿ. ಹಾಬ್ಸ್ ಎಂಬವನು, ತೆರೆಯಲಾಗದೆಂದು ಪ್ರಸಿದ್ಧವಾಗಿದ್ದ ಚಬ್ ಬೀಗವನ್ನೂ, ತೆರೆದವನಿಗೆ ೨೦೦ ಗಿನಿಗಳ ಬಹುಮಾನವೆಂದು ಸಾರಿದ್ದ ಬ್ರಾಮಾ ಬೀಗವನ್ನೂ ಕೀಲಿಯಿಲ್ಲದೆ ತೆರೆದನು. ಎರಡನೆಯದಕ್ಕೆ ಹಲವು ದಿನಗಳಲ್ಲಿ ಒಟ್ಟು ೫೧ ಗಂಟೆಗಳು ಹಿಡಿದವು. ಇಂತಹ ವಿದ್ಯೆಯನ್ನು ಬಹಿರಂಗಪಡಿಸಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಾಗುವುದೆಂಬ ಆಕ್ಷೇಪ ಆಗಲೂ ಎದ್ದಿತು. ಕಳ್ಳರಿಗೆ ಇದು ಮೊದಲೇ ಗೊತ್ತು, ತಿಳಿಯಬೇಕಾದವರು ಬೀಗವನ್ನು ಕೊಂಡ ಸಜ್ಜನರು ಎಂಬ ಸಮಾಧಾನವೂ ಆಗಲೇ ಹೊರಟಿತು. ೧೮೮೩ರಲ್ಲಿ ಕೆರ್ಕೊಫ್ಸ್ ಎಂಬ ವಿದ್ವಾಂಸನು ಗೂಢಲಿಪಿಯ ಬಲ ಅದರ ವಿಧಾನದ ಗುಟ್ಟಿನಲ್ಲಿರದೆ ರಹಸ್ಯಾಂಕದಲ್ಲಿ ಮಾತ್ರ ಇರಬೇಕೆಂದು ನಿಯಮವನ್ನು ಹೇಳಿದ್ದನು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಕಾರ್ಡು ತಯಾರಿಸಿದವರು ಅದನ್ನು ಮರೆತರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಕಾರ್ಡನ್ನು ನಂಬಲಾಗದಿದ್ದರೆ ಬೆರಳನ್ನೇ ಕೀಲಿಯಾಗಿ ಮಾಡಬಾರದೇಕೆ ಎಂದು ಕೇಳಬಹುದು. ಹಾಗೆಯೇ ಮಾಡಲಾಗಿದೆ. ಭಾರತದಲ್ಲಿ ೨೦೧೪ರಿಂದ ಕೇಂದ್ರ ಸರ್ಕಾರದ ಕಚೇರಿಗಳಿಗೆ ಆಧಾರ್ ಸಂಖ್ಯೆಯೊಡನೆ ಬೆರಳಚ್ಚನ್ನು ಕೂಡಿಸಿದ ಹಾಜರಿ ಪದ್ಧತಿ ಬಂದಿತು. ಆದರೆ ಕಾರ್ಡು ಕಳೆದರೆ ಇನ್ನೊಂದು ದೊರೆಯುತ್ತದೆ. ಬೆರಳಚ್ಚಿನ ದಾಖಲೆ ಪರರ ಕೈ ಸೇರಿದರೆ ಇನ್ನೊಂದು ಬೆರಳನ್ನು ಎಲ್ಲಿಂದ ತರುವುದು? ೨೦೧೯ರ ಆಗಸ್ಟಿನಲ್ಲಿ ಬಯೋಸ್ಟಾರ್ ೨ ಎಂಬ ದ್ವಾರನಿಯಂತ್ರಣ ವ್ಯವಸ್ಥೆಯ ಬೆರಳಚ್ಚುಗಳು ರಕ್ಷಣೆಯಿಲ್ಲದೆ ಅಂತರಜಾಲದಲ್ಲಿ ಸಿಕ್ಕವೆಂದು ಸಂಶೋಧಕರು ಪ್ರಕಟಿಸಿದಾಗ ಈ ಪ್ರಶ್ನೆ ತರ್ಕದ ಪ್ರಶ್ನೆಯಾಗಿ ಉಳಿಯಲಿಲ್ಲ.

೬

ಪುಸ್ತಕವೇ ಬಾಗಿಲನ್ನು ಆಳತೊಡಗಿದ ಮೇಲೆ, ಪುಸ್ತಕ ಮಾತನಾಡದಿದ್ದರೆ ಬಾಗಿಲಿನ ಗತಿಯೇನು? ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್ ಸಂಸ್ಥೆಯ ಜಾಲವು ದುರಸ್ತಿಯ ಕಾಲದಲ್ಲಿ ಕೊಟ್ಟ ಒಂದು ಆಜ್ಞೆಯ ಫಲವಾಗಿ ಸುಮಾರು ಆರು ಗಂಟೆಗಳ ಕಾಲ ಸ್ತಬ್ಧವಾಯಿತು. ಅಲ್ಲಿನ ನೌಕರರ ಗುರುತಿನ ಕಾರ್ಡುಗಳು ಬಾಗಿಲುಗಳನ್ನು ತೆರೆಯದೆ ಹೋದವೆಂದು ಪತ್ರಿಕೆಗಳು ವರದಿಮಾಡಿದವು. ಹಳೆಯ ಲೋಹದ ಕೀಲಿಗೆ ಇಂತಹ ಪರಾಧೀನತೆ ಇರಲಿಲ್ಲ.

ಒಳಗೆ ಬರಲಾಗದಿರುವುದು ತೊಂದರೆ ಮಾತ್ರ; ಹೊರಗೆ ಹೋಗಲಾಗದಿರುವುದು ಪ್ರಾಣದ ಪ್ರಶ್ನೆ. ವಿದ್ಯುತ್ತು ನಿಂತಾಗ ಬೀಗವು ಸಡಿಲಬೇಕೆ, ಬಿಗಿದೇ ಇರಬೇಕೆ ಎಂಬುದನ್ನು ವಿದ್ಯುದ್ಬೀಗವನ್ನು ಅಳವಡಿಸುವವನು ಮುಂಚೆಯೇ ನಿರ್ಣಯಿಸಬೇಕಾಗುತ್ತದೆ. ವಿದ್ಯುತ್ಕಾಂತದಿಂದ ಹಿಡಿದ ಬಾಗಿಲು ವಿದ್ಯುತ್ತು ನಿಂತೊಡನೆ ಬಿಟ್ಟುಕೊಳ್ಳುತ್ತದೆ. ಬೇರೆ ಬಗೆಯ ಬೀಗಗಳು ವಿದ್ಯುತ್ತಿಲ್ಲದಿದ್ದರೂ ಹೊರಗಿನವರಿಗೆ ಮುಚ್ಚಿಯೇ ಇರುತ್ತವೆ. ಆದುದರಿಂದ ಅವುಗಳಿಗೆ ಒಳಗಿನಿಂದ ಕೈಯಲ್ಲಿ ತಿರುಗಿಸಿ ತೆರೆಯುವ ಹಿಡಿ ಇರಲೇಬೇಕು. ೧೯೪೮ರ ಭಾರತದ ಕಾರ್ಖಾನೆ ಕಾಯಿದೆಯು ತನ್ನ ಮೂಲರೂಪದ ೩೮ನೆಯ ಪ್ರಕರಣದಲ್ಲಿ, ಕೊಠಡಿಯಲ್ಲಿ ಯಾರಾದರೂ ಇರುವವರೆಗೆ ಹೊರಹೋಗುವ ಬಾಗಿಲುಗಳನ್ನು ಒಳಗಿನಿಂದ ಸುಲಭವಾಗಿ, ಒಡನೆಯೇ ತೆರೆಯಲಾಗದಂತೆ ಬಂಧಿಸಕೂಡದೆಂದು ವಿಧಿಸಿತ್ತು. ಟ್ರಯಾಂಗಲ್ ದುರಂತದಲ್ಲಿ ಲೋಪವಾದುದು ಈ ತತ್ತ್ವವೇ. ಒಳಬರುವವನಿಗೆ ಪುಸ್ತಕದ ಅನುಮತಿ ಬೇಕಾಗಬಹುದು. ಹೊರಹೋಗುವವನಿಗೆ ಯಾವ ಪುಸ್ತಕದ ಅನುಮತಿಯೂ ಬೇಕಾಗಬಾರದು.

೭

ಇಷ್ಟರಿಂದ, ವಿದ್ಯುನ್ಮಾನ ಕೀಲಿಯ ದಾಖಲೆಯೇ ಅನಿಷ್ಟವೆಂಬ ನಿರ್ಣಯಕ್ಕೆ ನಾವು ಬರುವುದಿಲ್ಲ. ಬಾಗಿಲಿನ ಮೇಲೆ ಸುಳ್ಳು ಆಪಾದನೆ ಹೊತ್ತವನನ್ನು ಅದೇ ದಾಖಲೆ ಕಾಪಾಡಬಹುದು; ಬೆಂಕಿ ಬಿದ್ದಾಗ ಒಳಗೆ ಉಳಿದವರೆಷ್ಟು ಮಂದಿಯೆಂಬುದನ್ನು ಅದೇ ತಿಳಿಸಬಹುದು; ಬೀಗವನ್ನು ಬಿಗಿಸಲು ಯಾರು ಆಜ್ಞೆ ಕೊಟ್ಟರೆಂಬುದನ್ನು, ೧೯೧೧ರಲ್ಲಿ ಯಾರೂ ಹೇಳಲಾಗದಿದ್ದುದನ್ನು, ಅದೇ ಹೇಳಬಹುದು. ದಾಖಲೆ ಯಾರ ಕಡೆಗೆ ಮುಖಮಾಡಿದೆಯೆಂಬುದೇ ವಿಚಾರಣೀಯ ವಿಷಯ.

ಈ ವಿಚಾರಕ್ಕೆ ನಮ್ಮ ದೇಶದಲ್ಲಿ ಒಂದು ನೆಲೆ ದೊರೆತಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಸಲ್ಲಿಸಿದ ಅರ್ಜಿಯ ಪ್ರಸಂಗದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನವು ಸಂವಿಧಾನವು ರಕ್ಷಿಸುವ ಮೂಲಭೂತ ಹಕ್ಕೆಂದು ಏಕಕಂಠದಿಂದ ತೀರ್ಮಾನಿಸಿದರು. ಆದರೆ ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು, ನೌಕರಿಯ ಉದ್ದೇಶಗಳಿಗಾಗಿ ದತ್ತಾಂಶವನ್ನು ಸಮ್ಮತಿಯಿಲ್ಲದೆ ಬಳಸಲು ಅವಕಾಶವನ್ನು ಇರಿಸಿದೆ. ಹೀಗಿರಲಾಗಿ ಕಾರ್ಯಾಲಯದ ಬಾಗಿಲಿನ ಪುಸ್ತಕವು ಬಹುಮಟ್ಟಿಗೆ ಯಜಮಾನನ ಪುಸ್ತಕವಾಗಿಯೇ ಉಳಿಯುತ್ತದೆ.

ಕೌಟಿಲ್ಯನ ವ್ಯವಸ್ಥೆಯಲ್ಲಿ ಮುದ್ರೆಯನ್ನು ಕೊಡುವವನು ಬೇರೆ, ಪರೀಕ್ಷಿಸುವವನು ಬೇರೆ. ಇಂದಿನ ದ್ವಾರನ��ಯಂತ್ರಣದಲ್ಲಿ ಕೊಡುವುದು, ಪರೀಕ್ಷಿಸುವುದು, ಬರೆಯುವುದು, ಓದುವುದು ನಾಲ್ಕೂ ಒಂದೇ ಯಂತ್ರದಲ್ಲಿ, ಒಬ್ಬನೇ ಒಡೆಯನ ಅಧೀನದಲ್ಲಿ ಕೂಡಿವೆ. ಆದುದರಿಂದ ಇಂತಹ ವ್ಯವಸ್ಥೆಯನ್ನು ಪರಿಶೀಲಿಸುವವರು ಬೀಗ ಎಷ್ಟು ಗಟ್ಟಿಯೆಂಬ ಒಂದು ಪ್ರಶ್ನೆಗೆ ತೃಪ್ತರಾಗಬಾರದು. ಬರೆದುದನ್ನು ಯಾರು ಓದುತ್ತಾರೆ, ಎಷ್ಟು ಕಾಲ ಉಳಿಸುತ್ತಾರೆ, ಬರೆಯಲ್ಪಟ್ಟವನಿಗೆ ಅದನ್ನು ನೋಡುವ ಹಕ್ಕುಂಟೆ, ಬಾಗಿಲನ್ನು ಆಳುವವರ ಆಜ್ಞೆಗಳೂ ಅದೇ ಪುಸ್ತಕದಲ್ಲಿ ದಾಖಲಾಗುತ್ತವೆಯೆ ಎಂಬ ನಾಲ್ಕು ಪ್ರಶ್ನೆಗಳನ್ನೂ ಕೇಳಬೇಕು. ಬೀಗದ ಚರಿತ್ರೆಯನ್ನು ಬರೆದವರು ಇವನ್ನು ಕೇಳಲಿಲ್ಲ. ಹಾಜರಿ ಪುಸ್ತಕದ ಚರಿತ್ರೆಯನ್ನು ಅದರೊಡನೆ ಸೇರಿಸಿ ಓದಿದವರು ಕೇಳದಿರಲಾರರು.